ವರ್ಷಕ್ಕೊಂದು ಡಾಲರ್: ಪಂಡಿತಾ ರಮಾಬಾಯಿ ಮತ್ತು ಮಹಿಳಾ ಸಂಘಗಳು

ಹೊರದೇಶದಲ್ಲಿ ಕನ್ನಡ ಕೂಟ ಕಟ್ಟಿ ನಡೆಸಿದವರಿಗೆಲ್ಲ ಮೂರು ಕಷ್ಟಗಳು ಚೆನ್ನಾಗಿ ಗೊತ್ತು. ಒಂದು, ಚಂದಾ ವಸೂಲಿ. ಎರಡು, ಯುಗಾದಿ ಊಟಕ್ಕೆ ಬಂದವರನ್ನು ಸರ್ವಸದಸ್ಯರ ಸಭೆಗೂ ಬರುವಂತೆ ಮಾಡುವುದು. ಮೂರು, ಕೂಡಿಬಂದ ಹಣವನ್ನು ಯಾವುದಕ್ಕೆ, ಯಾರ ಮಾತಿನಂತೆ ಖರ್ಚು ಮಾಡಬೇಕೆಂಬ ಜಗಳ. ಈ ಮೂರು ಕಷ್ಟಗಳನ್ನೂ ನೂರು ವರ್ಷಗಳಿಗೂ ಹಿಂದೆ ಪುಣೆಯಲ್ಲಿ ಒಮ್ಮೆ, ಇದೇ ಅಮೆರಿಕದಲ್ಲಿ ಮತ್ತೊಮ್ಮೆ ಎದುರಿಸಿದ ಹೆಣ್ಣುಮಗಳೊಬ್ಬಳಿದ್ದಳು. ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ. ಆಕೆಯೇ ಪಂಡಿತಾ ರಮಾಬಾಯಿ.

ವೈದ್ಯರ ಕೈಯಲ್ಲಿ ಸ್ಮರಣ ಸಂಚಿಕೆಗೆ ಲೇಖನ ಬರೆಸಿದರೆ ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ ಈ ಮೂರರಲ್ಲಿ ಒಂದು ಬರುವುದು ವಾಡಿಕೆ. ಈ ಸಲ ಆ ಮೂರಕ್ಕೂ ರಜೆ ಕೊಟ್ಟಿದ್ದೇನೆ. ವೈದ್ಯಳಾಗಬೇಕೆಂದು ಹೊರಟು ಆಗಲಾರದೆ ಹೋದವರ ಕಥೆ ಇದು. ಅವರು ಮಾಡಿದ ಕೆಲಸವನ್ನು ನೋಡಿದರೆ ನಮ್ಮಂಥ ಎಂ.ಬಿ.ಬಿ.ಎಸ್. ಓದಿ ರೆಸಿಡೆನ್ಸಿ ಮುಗಿಸಿದವರು ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ.

ಮಾಳದ ಶಾಸ್ತ್ರಿಗಳ ಮಗಳು

ಕಾರ್ಕಳದ ಸಮೀಪ, ಘಟ್ಟದ ಬುಡದಲ್ಲಿ ಮಾಳ ಎಂಬ ಊರಿದೆ. ಅಲ್ಲಿನ ಚಿತ್ಪಾವನ ಮನೆತನದ ಅನಂತ ಶಾಸ್ತ್ರಿ ಡೋಂಗ್ರೆಯವರು ರಮಾಬಾಯಿಯ ತಂದೆ. ಮನೆಮಾತು ಮರಾಠಿ. ಓದಿದ್ದು ಸಂಸ್ಕೃತ, ಪೇಶ್ವೆಯವರ ಮನೆಯಲ್ಲಿ ಪಾಠ ಹೇಳುತ್ತಿದ್ದ ಗುರುಗಳ ಬಳಿ. ಅರಮನೆಯ ಹೆಣ್ಣುಮಗಳೊಬ್ಬರು ಸಂಸ್ಕೃತ ಕಲಿಯುತ್ತಿದ್ದುದನ್ನು ಕಂಡ ತರುಣ ಶಾಸ್ತ್ರಿಗಳಿಗೆ ತಮ್ಮ ಹೆಂಡತಿಗೂ ಕಲಿಸಬೇಕೆಂಬ ಹಟ ಹುಟ್ಟಿತು. ಮೊದಲ ಹೆಂಡತಿಯ ಕಾಲದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ, ಯಾತ್ರೆಯಲ್ಲಿದ್ದಾಗ ಗೋದಾವರಿಯ ದಂಡೆಯ ಪೈಠಣದಲ್ಲಿ ಒಂಬತ್ತು ವರ್ಷದ ಹುಡುಗಿ ಲಕ್ಷ್ಮೀಬಾಯಿಯ ಕೈಹಿಡಿದರು. ಆ ಕಾಲದಲ್ಲಿ ಅದು ಯಾರಿಗೂ ಅಸಹಜವಾಗಿ ಕಾಣಲಿಲ್ಲ. ಅಸಹಜವೆನಿಸಿದ್ದು ಅವರು ಹೆಂಡತಿಗೆ ಸಂಸ್ಕೃತ ಕಲಿಸಲು ಕುಳಿತದ್ದು.

ಊರವರು, ಬಂಧುಗಳು ಸಿಡಿದೆದ್ದರು. ಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಂಗಸರು ಸಂಸ್ಕೃತ ಕಲಿಯುವುದನ್ನು ಶಾಸ್ತ್ರ ನಿಷೇಧಿಸಿಲ್ಲವೆಂದು ಗ್ರಂಥಗಳ ಆಧಾರದಿಂದಲೇ ವಾದಿಸಿದರು. ಆಮೇಲೆ ಊರಿನ ತಂಟೆಯೇ ಬೇಡವೆಂದು ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಆ ಜಾಗ ಈಗ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ರಾತ್ರಿ ಹುಲಿ ಕೂಗುವ ಆ ಕಾಡಿನಲ್ಲಿ ಲಕ್ಷ್ಮೀಬಾಯಿ ಸಂಸ್ಕೃತ ಕಲಿತರು. ವಿದ್ಯಾರ್ಥಿಗಳು ಹುಡುಕಿಕೊಂಡು ಬಂದರು. ಗಂಡ ಊರಲ್ಲಿ ಇಲ್ಲದಾಗ ಹೆಂಡತಿಯೇ ಪಾಠ ಹೇಳುತ್ತಿದ್ದರು. 1858ರ ಏಪ್ರಿಲ್ 23ರಂದು ಅಲ್ಲಿ ಅವರ ಕಿರಿಯ ಮಗಳು ರಮಾ ಹುಟ್ಟಿದಳು. ಅವಳಿಗಿಂತ ಮೊದಲು ಕೃಷ್ಣಾ ಎಂಬ ಮಗಳು, ಶ್ರೀನಿವಾಸ ಎಂಬ ಮಗ ಇದ್ದರು.

ಬಂದ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಊಟ ಹಾಕಿ ಹಾಕಿ ಶಾಸ್ತ್ರಿಗಳ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಕುಟುಂಬ ಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಮಗುವನ್ನು ಆಳು ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಅಲ್ಲಿಂದ ಸುಮಾರು ಹದಿನಾರು ವರ್ಷ ಅವರಿಗೆ ಮನೆಯೆಂಬುದಿರಲಿಲ್ಲ. ದೇವಸ್ಥಾನದ ಜಗಲಿ, ನದಿಯ ಘಟ್ಟ, ಊರ ಹೊರಗಿನ ಮರದ ನೆರಳು, ಎಲ್ಲಿ ಕುಳಿತರೆ ಅಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ ಬೇಳೆಯಲ್ಲಿ ಜೀವನ. ತಂದೆಗೆ ವಯಸ್ಸಾಗಿದ್ದರಿಂದ ರಮೆಗೆ ತಾಯಿಯೇ ಗುರು. ಬೆಳಗಿನ ಜಾವ ಮಗುವನ್ನು ಎಬ್ಬಿಸಿ, ಮಡಿಲಲ್ಲಿ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದರು. ಹನ್ನೆರಡರ ಹೊತ್ತಿಗೆ ಹುಡುಗಿಗೆ ಭಾಗವತದ 18,000 ಶ್ಲೋಕಗಳು ಬಾಯಿಪಾಠವಾಗಿದ್ದವು. ಮರಾಠಿ ಮನೆಯಲ್ಲಿ ಬಂತು. ಕನ್ನಡ, ಹಿಂದುಸ್ತಾನಿ, ಬಂಗಾಳಿಗಳು ದಾರಿಯಲ್ಲಿ ಬಂದವು.

1870ರ ದಶಕದ ಮಧ್ಯದಲ್ಲಿ ದಕ್ಷಿಣದಲ್ಲಿ ಭೀಕರ ಕ್ಷಾಮ. ಪಾತ್ರೆ, ಒಡವೆ ಎಲ್ಲ ಮಾರಿಯಾಯಿತು. ಪುರಾಣ ಬಿಟ್ಟು ಬೇರೆ ಕೆಲಸ ಬಾರದು, ಭಿಕ್ಷೆಗೆ ಮನಸ್ಸು ಒಪ್ಪದು. ಕೆಲವೇ ತಿಂಗಳುಗಳಲ್ಲಿ ತಂದೆ ಹೋದರು, ತಾಯಿ ಹೋದರು, ಆಮೇಲೆ ಅಕ್ಕ ಕಾಲರಾದಿಂದ ಹೋದಳು. ತಾಯಿಯ ಹೆಣ ಹೊರಲು ನಾಲ್ಕು ಹೆಗಲು ಸಿಗಲಿಲ್ಲ. ಇಬ್ಬರು ಪರಿಚಿತರು ಕನಿಕರದಿಂದ ಬಂದರು, ಮೂರನೆಯವನು ಅಣ್ಣ. ನಾಲ್ಕನೆಯವಳಾದ ಹುಡುಗಿ ಕುಳ್ಳಿಯಾಗಿದ್ದರಿಂದ ಹೆಗಲು ಎಟುಕದೆ, ಚಟ್ಟದ ತುದಿಯನ್ನು ತಲೆಯ ಮೇಲಿಟ್ಟುಕೊಂಡು ಮಸಣದವರೆಗೆ ಮೂರು ಮೈಲಿ ನಡೆದಳು.

ಕಲ್ಕತ್ತೆಯ ಬಿರುದು, ಕಾಲರಾದ ಹೊಡೆತ

ಅಣ್ಣತಂಗಿಯರಿಬ್ಬರೂ ಕಾಶ್ಮೀರದವರೆಗೆ ಕಾಲ್ನಡಿಗೆಯಲ್ಲಿ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಇಪ್ಪತ್ತು ವರ್ಷದ, ಮದುವೆಯಾಗದ ಹೆಣ್ಣು ಸಂಸ್ಕೃತದಲ್ಲಿ ಆಶುವಾಗಿ ಮಾತಾಡುವುದನ್ನು ಕೇಳಿ ಅಲ್ಲಿನ ಪಂಡಿತರು ಬೆರಗಾದರು. ಪರೀಕ್ಷಿಸಿ ನೋಡಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಅಂದಿನಿಂದ ಆಕೆಯ ಹೆಸರೇ ಪಂಡಿತಾ ರಮಾಬಾಯಿ.

1880ರಲ್ಲಿ ಅಣ್ಣ ಶ್ರೀನಿವಾಸ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಮದುವೆಯಾದರು. ವರನದು ಬೇರೆ ಜಾತಿ, ಬೇರೆ ಭಾಷೆ, ಬೇರೆ ಪ್ರಾಂತ. ಮದುವೆ 1872ರ ಸಿವಿಲ್ ವಿವಾಹ ಕಾಯಿದೆಯಂತೆ. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮಗುವಿಗೆ ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಗಂಡ ಕಾಲರಾಕ್ಕೆ ಬಲಿಯಾದರು. ಕಾಲರಾದಲ್ಲಿ ಪ್ರಾಣ ಹೋಗುವುದು ಮೈಯಿಂದ ನೀರು, ಉಪ್ಪು ಸೋರಿಹೋಗುವುದರಿಂದ. ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಹೆಚ್ಚಿನವರನ್ನು ಉಳಿಸಬಹುದೆಂದು ವೈದ್ಯಲೋಕಕ್ಕೆ ಖಚಿತವಾದದ್ದು 1960ರ ದಶಕದಲ್ಲಿ, ಅದೂ ಢಾಕಾ, ಕಲ್ಕತ್ತೆಗಳಲ್ಲಿ ನಡೆದ ಸಂಶೋಧನೆಯಿಂದ. ಇಪ್ಪತ್ತಮೂರರ ವಿಧವೆಯ ಕಂಕುಳಲ್ಲಿ ಹತ್ತು ತಿಂಗಳ ಕೂಸು. ಅಂಥ ಹೆಣ್ಣಿಗೆ ಆಗಿನ ಸಮಾಜ ಇಟ್ಟಿದ್ದ ಜಾಗ ಯಾವುದೆಂದು ನಮ್ಮ ಅಜ್ಜಿಯರ ತಲೆಮಾರಿನ ಕೆಂಪು ಸೀರೆಗಳನ್ನು ನೆನೆದರೆ ಸಾಕು.

ಪುಣೆಯ ಆರ್ಯ ಮಹಿಳಾ ಸಮಾಜ

ಮೂಲೆ ಸೇರುವ ಬದಲು ರಮಾಬಾಯಿ ಪುಣೆಗೆ ಬಂದರು. 1882ರಲ್ಲಿ ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಹೆಂಗಸರೇ ಸೇರಿ, ಹೆಂಗಸರೇ ಮಾತಾಡಿ, ಹೆಣ್ಣುಮಕ್ಕಳ ಓದು, ಬಾಲ್ಯವಿವಾಹ, ವಿಧವೆಯರ ಪಾಡು ಇವನ್ನು ಚರ್ಚಿಸುವ ಸಂಘ. ಅಲ್ಲಿಯವರೆಗೆ ಹೆಣ್ಣಿನ ಸುಧಾರಣೆಯ ಬಗ್ಗೆ ಸಭೆ ಸೇರುತ್ತಿದ್ದವರು ಗಂಡಸರು. ಅವರ ಹೆಂಡತಿಯರು ಒಳಗೆ ಕಾಫಿ ಫಲಾಹಾರದ ವ್ಯವಸ್ಥೆಯಲ್ಲಿ ಇರುತ್ತಿದ್ದರು. ಈ ಕೊನೆಯ ಪದ್ಧತಿ ನಮ್ಮ ಕೂಟಗಳಲ್ಲಿ ಪೂರ್ತಿ ಮಾಯವಾಗಿದೆಯೇ ಎಂಬುದನ್ನು ಓದುಗರ ವಿವೇಚನೆಗೆ ಬಿಡುತ್ತೇನೆ.

ಸಮಾಜದ ಸಭೆಗೆ ಹೋಗುವುದೆಂದರೆ ಮನೆಯಲ್ಲಿ ಯುದ್ಧ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪತ್ನಿಯ ಹೆಸರೂ ರಮಾಬಾಯಿಯೇ. ಗಂಡನ ಬೆಂಬಲವಿದ್ದರೂ, ಸಭೆ ಮುಗಿಸಿ ಬಂದ ದಿನ ಮನೆಯ ಹಿರಿಯ ಹೆಂಗಸರ ಬಿರುಸು ಮಾತುಗಳನ್ನು ಆಕೆ ತಾಳಿಕೊಳ್ಳಬೇಕಾಗಿತ್ತು. ಹೀಗೆ ತಾಳಿಕೊಂಡು ಸಂಘದಲ್ಲಿ ಪಳಗಿದ ರಮಾಬಾಯಿ ರಾನಡೆಯವರೇ 1909ರಲ್ಲಿ ಪುಣೆಯ ಸೇವಾ ಸದನವನ್ನು ಆರಂಭಿಸಿ, ವಿಧವೆಯರನ್ನು ದಾದಿಯರ ತರಬೇತಿಗೆ ಕಳಿಸಿದರು. ಆರ್ಯ ಮಹಿಳಾ ಸಮಾಜದ ಶಾಖೆಗಳು ಪಶ್ಚಿಮ ಭಾರತದ ಬೇರೆ ಊರುಗಳಿಗೂ ಹಬ್ಬಿದವು. ಮುಂದಿನ ಕಾಲದಲ್ಲಿ ಕರ್ನಾಟಕದ ಊರೂರಲ್ಲಿ ನಮ್ಮ ತಾಯಂದಿರು ಕಂಡ ಮಹಿಳಾ ಸಮಾಜಗಳ ಹಿರಿಯಕ್ಕಗಳಲ್ಲಿ ಇದೂ ಒಂದು.

1882ರ ಸೆಪ್ಟೆಂಬರಿನಲ್ಲಿ ಸರ್ಕಾರದ ಶಿಕ್ಷಣ ಆಯೋಗ ಪುಣೆಗೆ ಬಂದಿತು. ಅದರ ಅಧ್ಯಕ್ಷ ವಿಲಿಯಂ ಹಂಟರ್ ಎದುರು ರಮಾಬಾಯಿ ಮರಾಠಿಯಲ್ಲಿ ಸಾಕ್ಷ್ಯ ನುಡಿದರು. ಶಾಲೆಗಳಿಗೆ ಮಹಿಳಾ ಅಧ್ಯಾಪಕಿಯರು, ಮಹಿಳಾ ಇನ್‌ಸ್ಪೆಕ್ಟರುಗಳು ಬೇಕೆಂದರು. ಅದಕ್ಕಿಂತ ಮುಖ್ಯವಾಗಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯಬೇಕೆಂದರು. ಗಂಡು ವೈದ್ಯನ ಎದುರು ಬಾಯಿಬಿಡಲು ನಾಚಿ ಎಷ್ಟೋ ಹೆಂಗಸರು ಅಕಾಲದಲ್ಲಿ ಸಾಯುತ್ತಾರೆಂಬುದು ಅವರ ವಾದ. ಮೂರು ವರ್ಷಗಳ ನಂತರ, 1885ರಲ್ಲಿ, ಭಾರತದ ಹೆಂಗಸರ ಚಿಕಿತ್ಸೆಗಾಗಿ ಡಫರಿನ್ ನಿಧಿ ಸ್ಥಾಪನೆಯಾಯಿತು. ಅದರ ಹಿನ್ನೆಲೆಯಲ್ಲಿ ರಮಾಬಾಯಿಯವರ ಈ ಸಾಕ್ಷ್ಯವನ್ನೂ ಇತಿಹಾಸಕಾರರು ನೆನೆಯುತ್ತಾರೆ.

ಡಾಕ್ಟರಾಗಲು ಹೊರಟವರು

ಸಾಕ್ಷ್ಯ ಹೇಳಿ ಸುಮ್ಮನಾಗದೆ ತಾವೇ ವೈದ್ಯಕೀಯ ಓದಬೇಕೆಂದು ರಮಾಬಾಯಿ ನಿಶ್ಚಯಿಸಿದರು. ಹೆಣ್ಣುಮಕ್ಕಳ ಧರ್ಮನೀತಿಯ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದು, ಅದರ ಮಾರಾಟದ ಹಣದಲ್ಲಿ ಹಡಗಿನ ಟಿಕೆಟು ಕೊಂಡು, 1883ರಲ್ಲಿ ಮಗುವಿನೊಂದಿಗೆ ಇಂಗ್ಲೆಂಡಿಗೆ ಹೊರಟರು. ಅಲ್ಲಿ ತಿಳಿದದ್ದು, ತಮ್ಮ ಕಿವಿ ಮಂದವಾಗುತ್ತಿದೆ ಎಂದು. ರೋಗಿಯ ಎದೆಬಡಿತ ಕೇಳಲಾರದವರು ವೈದ್ಯರಾಗುವುದು ಹೇಗೆ? ಆ ಬಾಗಿಲು ಮುಚ್ಚಿತು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ, ತಾವು ಇಂಗ್ಲಿಷ್, ಗಣಿತ, ವಿಜ್ಞಾನ ಕಲಿಯುತ್ತ ಎರಡು ವರ್ಷ ಕಳೆದರು.

ಇಂಗ್ಲೆಂಡಿಗೆ ಹೋದ ವರ್ಷವೇ, ಸೆಪ್ಟೆಂಬರಿನಲ್ಲಿ, ವಾಂಟೇಜ್ ಎಂಬಲ್ಲಿ ಆಕೆ ಮಗಳೊಂದಿಗೆ ಕ್ರೈಸ್ತಮತ ಸ್ವೀಕರಿಸಿದರು. ಪುಣೆಯಲ್ಲಿ ಅವರನ್ನು ಹೊತ್ತು ಮೆರೆಸಿದವರಿಗೆ ಇದು ಸಿಡಿಲು ಬಡಿದಂತಾಯಿತು. ಆದರೆ ಮತಾಂತರ ಮಾಡಿಸಿದವರಿಗೂ ಆಕೆ ಸುಲಭದ ಶಿಷ್ಯೆಯಾಗಲಿಲ್ಲ. ವೇದಾಂತದ ವಾದಗಳಲ್ಲಿ ಬೆಳೆದ ಮಗಳು ಚರ್ಚಿನ ಗುರುಗಳೊಡನೆಯೂ ಪ್ರತಿಯೊಂದು ಸಿದ್ಧಾಂತಕ್ಕೂ ಆಧಾರ ಕೇಳಿ ಪತ್ರಗಳಲ್ಲಿ ಜಗಳವಾಡಿದರು. ಯಾರ ಮಾತನ್ನೂ ಬರಿದೆ ಒಪ್ಪದ ಈ ಗುಣ ಮಾಳದ ಶಾಸ್ತ್ರಿಗಳಿಂದಲೇ ಬಂದದ್ದಿರಬೇಕು.

ಆ ಹೊತ್ತಿಗೆ ಅವರ ದೂರದ ಬಂಧು ಆನಂದೀಬಾಯಿ ಜೋಶಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಎಂ.ಡಿ. ಓದುತ್ತಿದ್ದರು. ಅವರ ಪದವಿ ಪ್ರದಾನ 1886ರ ಮಾರ್ಚ್ 11ರಂದು. ಕಾಲೇಜಿನ ಡೀನ್ ರೇಚಲ್ ಬಾಡ್ಲಿಯವರ ಆಹ್ವಾನದ ಮೇಲೆ ರಮಾಬಾಯಿ ಅಟ್ಲಾಂಟಿಕ್ ದಾಟಿ ಬಂದರು. ತಮಗೆ ದಕ್ಕದ ಪದವಿಯನ್ನು ಇಪ್ಪತ್ತರ ಹರೆಯದ ಆನಂದೀಬಾಯಿ ಪಡೆಯುವುದನ್ನು ಕಣ್ಣಾರೆ ಕಂಡರು. ಆ ಸಂತೋಷ ಒಂದು ವರ್ಷವೂ ಬಾಳಲಿಲ್ಲ. ಕ್ಷಯರೋಗ ಹಿಡಿದ ಆನಂದೀಬಾಯಿ ಊರಿಗೆ ಮರಳಿ, ಒಬ್ಬ ರೋಗಿಯನ್ನೂ ತಮ್ಮ ಸ್ವಂತ ವೃತ್ತಿಯಲ್ಲಿ ನೋಡುವ ಮೊದಲೇ, 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಕಣ್ಣು ಮುಚ್ಚಿದರು.

ಅಮೆರಿಕದ ಮಹಿಳಾ ಕ್ಲಬ್ಬುಗಳು

ಕೆಲವು ವಾರಗಳಿಗೆಂದು ಬಂದ ರಮಾಬಾಯಿ ಅಮೆರಿಕದಲ್ಲಿ ಉಳಿದದ್ದು ಸುಮಾರು ಮೂರು ವರ್ಷ. ಅವರನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು ಇಲ್ಲಿನ ಹೆಂಗಸರ ಸಂಘಗಳು.

ಆ ಸಂಘಗಳ ಕಥೆ ಸ್ವಾರಸ್ಯದ್ದು. 1868ರಲ್ಲಿ ಚಾರ್ಲ್ಸ್ ಡಿಕನ್ಸ್ ನ್ಯೂಯಾರ್ಕಿಗೆ ಬಂದಾಗ ಅಲ್ಲಿನ ಪತ್ರಕರ್ತರ ಸಂಘ ಔತಣಕೂಟ ಏರ್ಪಡಿಸಿತು. ಪತ್ರಿಕೆಗಳಲ್ಲಿ ಬರೆದು ಸಂಸಾರ ಸಾಕುತ್ತಿದ್ದ ಜೇನ್ ಕನಿಂಗ್‌ಹ್ಯಾಮ್ ಕ್ರೋಲಿಯವರಿಗೆ ಹೆಂಗಸೆಂಬ ಕಾರಣದಿಂದ ಅಲ್ಲಿ ಜಾಗ ಸಿಗಲಿಲ್ಲ. ಅವರು ಅದೇ ವರ್ಷ ‘ಸೊರೋಸಿಸ್’ ಎಂಬ ಮಹಿಳೆಯರ ಕ್ಲಬ್ಬನ್ನು ಕಟ್ಟಿದರು. ಆ ವರ್ಷವೇ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ವಿಮೆನ್ಸ್ ಕ್ಲಬ್ ಹುಟ್ಟಿತು. ಪುಸ್ತಕ ಓದಿ ಚರ್ಚಿಸಲು ಸೇರಿದ ಗೃಹಿಣಿಯರು ಬರಬರುತ್ತ ಊರಿಗೆ ಗ್ರಂಥಾಲಯ ಬೇಕು, ಶಾಲೆಗೆ ಒಳ್ಳೆಯ ನೀರು ಬೇಕು, ದುಡಿಯುವ ಮಕ್ಕಳಿಗೆ ರಕ್ಷಣೆ ಬೇಕು ಎಂದು ಕೇಳತೊಡಗಿದರು. 1874ರಲ್ಲಿ ಹುಟ್ಟಿದ ಮಹಿಳೆಯರ ಪಾನನಿರೋಧ ಸಂಘ ಫ್ರಾನ್ಸೆಸ್ ವಿಲರ್ಡ್ ಅವರ ನಾಯಕತ್ವದಲ್ಲಿ ದೇಶವಿಡೀ ಹಬ್ಬಿತು. 1890ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಂಡವು. ಔಷಧಿ, ಆಹಾರಗಳ ಕಲಬೆರಕೆಯನ್ನು ತಡೆಯುವ 1906ರ ಕಾಯಿದೆಗಾಗಿ ಕಾಗದ ಬರೆದು ಬರೆದು ಒತ್ತಾಯ ಹೇರಿದವರಲ್ಲಿ ಈ ಕ್ಲಬ್ಬುಗಳ ಹೆಂಗಸರು ಮುಂಚೂಣಿಯಲ್ಲಿದ್ದರು. ಇಂದು ನಾವು ಬರೆಯುವ ಪ್ರತಿ ಔಷಧಿಯ ಹಿಂದೆ ಆ ಕಾಗದಗಳಿವೆ. ಅವರಲ್ಲೂ ಕುಂದುಗಳಿದ್ದವು. ಕಪ್ಪು ಮಹಿಳೆಯರಿಗೆ ಬಹುಪಾಲು ಕ್ಲಬ್ಬುಗಳ ಬಾಗಿಲು ಮುಚ್ಚಿತ್ತು. ಅವರು 1896ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಳ್ಳಬೇಕಾಯಿತು.

ರಮಾಬಾಯಿ ಇವನ್ನೆಲ್ಲ ತೆರೆದ ಕಣ್ಣಿನಿಂದ ನೋಡಿದರು. ಬಿಳಿ ಸೀರೆ ಉಟ್ಟು, ಸಸ್ಯಾಹಾರ ಬಿಡದೆ, ಊರೂರು ಸುತ್ತಿ ಭಾಷಣ ಮಾಡಿದರು. 1886ರ ಅಮೆರಿಕದಲ್ಲಿ ಸಸ್ಯಾಹಾರವೆಂದರೆ ಏನು ಸಿಕ್ಕಿರಬಹುದೆಂದು, ಮೊದಲ ವರ್ಷದ ಆಸ್ಪತ್ರೆ ಕೆಫೆಟೀರಿಯಾದ ಊಟವನ್ನು ನೆನೆದರೆ ನಮ್ಮಲ್ಲಿ ಕೆಲವರಿಗೆ ಅಂದಾಜಾದೀತು. ಚಿಕ್ಕ ಮಕ್ಕಳಿಗೆ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಫಿಲಡೆಲ್ಫಿಯಾದಲ್ಲಿ ಅಭ್ಯಾಸ ಮಾಡಿದರು. 1888ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಮಾತಾಡಿದರು. ಊರಿಗೆ ಮರಳಿದ ಮೇಲೆ 1889ರಲ್ಲಿ ಪ್ರಕಟಿಸಿದ ಮರಾಠಿ ಪ್ರವಾಸ ಗ್ರಂಥದಲ್ಲಿ ಇಲ್ಲಿನ ಹೆಂಗಸರ ಸಂಘಶಕ್ತಿಯನ್ನು ಮನಸಾರೆ ಮೆಚ್ಚಿಕೊಂಡರು. ಬಣ್ಣದ ಭೇದವನ್ನು ಅಷ್ಟೇ ಖಂಡಿತವಾಗಿ ಟೀಕಿಸಿದರು.

1887ರಲ್ಲಿ ಫಿಲಡೆಲ್ಫಿಯಾದಿಂದ ಅವರ ಇಂಗ್ಲಿಷ್ ಪುಸ್ತಕ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಹೊರಬಂತು. ಅದಕ್ಕೆ ಮುನ್ನುಡಿ ಡೀನ್ ಬಾಡ್ಲಿಯವರದು, ಅರ್ಪಣೆ ತಾಯಿ ಲಕ್ಷ್ಮೀಬಾಯಿಯವರಿಗೆ. ಬಾಲವಿಧವೆಯರಿಗೆ ಓದು, ವಸತಿ, ಕಸುಬು ಕೊಡುವ ಒಂದು ಮನೆ ಕಟ್ಟಲು ಸಹಾಯ ಬೇಕೆಂಬುದು ಪುಸ್ತಕದ ಬೇಡಿಕೆ. ಸಾವಿರಾರು ಪ್ರತಿಗಳು ಖರ್ಚಾದವು. ಆ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪನೆಯಾಯಿತು. ಎಡ್ವರ್ಡ್ ಎವರೆಟ್ ಹೇಲ್ ಅಧ್ಯಕ್ಷರು. ಫ್ರಾನ್ಸೆಸ್ ವಿಲರ್ಡ್ ಉಪಾಧ್ಯಕ್ಷರಲ್ಲೊಬ್ಬರು. ಕಾರ್ಯಕಾರಿ ಸಮಿತಿಯ ಭಾರ ಹೊತ್ತವರು ಜೂಡಿತ್ ಆಂಡ್ರೂಸ್.

ಇವರ ವ್ಯವಸ್ಥೆ ನಮ್ಮ ಖಜಾಂಚಿಗಳು ಗಮನಿಸಬೇಕಾದದ್ದು. ದೊಡ್ಡ ದಾನಿಗಳಿಗಾಗಿ ಕಾಯುತ್ತ ಕೂರದೆ, ಊರೂರಲ್ಲಿ ರಮಾಬಾಯಿ ಸರ್ಕಲ್ ಎಂಬ ಚಿಕ್ಕ ಚಿಕ್ಕ ಗುಂಪುಗಳನ್ನು ಮಾಡಿದರು. ಸದಸ್ಯೆ ವರ್ಷಕ್ಕೆ ಒಂದು ಡಾಲರಿನಂತೆ 10 ವರ್ಷ ಕೊಡುವುದಾಗಿ ಮಾತು ಕೊಡಬೇಕು. ಹೀಗೆ ಹತ್ತಾರು ಸರ್ಕಲ್‌ಗಳು ಹುಟ್ಟಿದವು. ತಾವೆಂದೂ ನೋಡದ ದೇಶದ, ತಾವೆಂದೂ ಕಾಣದ ಹುಡುಗಿಯರಿಗಾಗಿ, ತಲೆಗೆ ಒಂದು ಡಾಲರು ಕೂಡಿಸಿದವರು ಹೆಚ್ಚಾಗಿ ಸಾಮಾನ್ಯ ಗೃಹಿಣಿಯರು, ಶಾಲಾ ಉಪಾಧ್ಯಾಯಿನಿಯರು.

ಶಾರದಾ ಸದನ ಮತ್ತು 1893ರ ಬಿರುಗಾಳಿ

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಉದ್ಘಾಟನೆಯ ಸಭೆಗೆ ಅಧ್ಯಕ್ಷತೆ ಮರಾಠಿ ಲೇಖಕಿ ಕಾಶೀಬಾಯಿ ಕಾನಿಟ್ಕರರದು. ಮೊದಲಿಗೆ ಸೇರಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬಳು ಗೋದೂಬಾಯಿ, ಎಂಟು ವರ್ಷಕ್ಕೇ ವಿಧವೆಯಾದವಳು. ಆ ವರ್ಷದ ಕೊನೆಗೆ ಮುಂಬಯಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ಸುಮಾರು ಹತ್ತು ಮಂದಿ ಮಹಿಳಾ ಪ್ರತಿನಿಧಿಗಳಲ್ಲಿ ರಮಾಬಾಯಿಯೂ ಇದ್ದರು. 1890ರಲ್ಲಿ ಸದನ ಪುಣೆಗೆ ಹೋಯಿತು. ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರರಂಥ ಹಿರಿಯರು ಸಲಹಾ ಸಮಿತಿಯಲ್ಲಿದ್ದರು. ಬಾಸ್ಟನ್ನಿನ ಅಸೋಸಿಯೇಷನ್ ಹಾಕಿದ ಷರತ್ತೂ ಸ್ಪಷ್ಟವಾಗಿತ್ತು: ಇಲ್ಲಿ ಮತಬೋಧೆ ಇರಕೂಡದು, ಹುಡುಗಿಯರು ತಮ್ಮ ಜಾತಿಯ ಆಚಾರವನ್ನು ಪಾಲಿಸಿಕೊಂಡಿರಬಹುದು.

ಇಲ್ಲಿ ಕಥೆಯ ಕಠಿಣ ಭಾಗ ಬರುತ್ತದೆ. ರಮಾಬಾಯಿ ಬೆಳಗ್ಗೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಯಾರನ್ನೂ ಕರೆಯಲಿಲ್ಲ, ಬಂದವರನ್ನು ಹೊರದೂಡಲೂ ಇಲ್ಲ ಎಂಬುದು ಅವರ ನಿಲುವು. ತಾಯಿಯ ಸ್ಥಾನದಲ್ಲಿರುವವರ ಕೋಣೆಯ ಬಾಗಿಲು ತೆರೆದಿದ್ದರೆ ಅದೇ ಕರೆ ಎಂಬುದು ಹೆತ್ತವರ ಮತ್ತು ಸಮಿತಿಯ ನಿಲುವು. ಟಿಳಕರ ‘ಕೇಸರಿ’ ಪತ್ರಿಕೆ ಮೊದಲಿನಿಂದಲೂ ಸದನವನ್ನು ಸಂಶಯದಿಂದ ನೋಡುತ್ತಿತ್ತು. 1893ರಲ್ಲಿ ರಾನಡೆ, ಭಾಂಡಾರಕರರು ಸಮಿತಿಯಿಂದ ಹೊರಬಂದರು. ಪಾಲಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಕರೆದೊಯ್ದರು.

ಶತಮಾನ ಕಳೆದ ಮೇಲೂ ಈ ಜಗಳದಲ್ಲಿ ಒಂದು ಪಕ್ಷ ಪೂರ್ತಿ ಸರಿ, ಇನ್ನೊಂದು ಪೂರ್ತಿ ತಪ್ಪು ಎಂದು ಹೇಳಲು ನನಗೆ ಧೈರ್ಯವಿಲ್ಲ. ನಂಬಿ ಮಕ್ಕಳನ್ನು ಬಿಟ್ಟುಹೋದ ಹಿಂದೂ ತಂದೆತಾಯಿಗಳ ಆತಂಕ ಸಾಚಾ ಆಗಿತ್ತು. ತನ್ನ ನಂಬಿಕೆಯನ್ನು ಮುಚ್ಚಿದ ಬಾಗಿಲಿನ ಹಿಂದೆ ಇಡಲಾರೆನೆಂದ ಹೆಂಗಸಿನ ಮಾತೂ ಸಾಚಾ ಆಗಿತ್ತು. ಆದರೆ ಆ ಜಗಳದ ಬೆಲೆ ತೆತ್ತವರು ಓದುತ್ತಿದ್ದ ಪುಸ್ತಕವನ್ನು ಅರ್ಧಕ್ಕೇ ಮಡಿಚಿಟ್ಟು ಮನೆಗೆ ಮರಳಿದ ಆ ಹುಡುಗಿಯರು. ಅವರಲ್ಲಿ ಎಷ್ಟೋ ಮಂದಿಯ ಮುಂದಿನ ಬದುಕು ಅಡಿಗೆಮನೆಯ ಕತ್ತಲಲ್ಲೇ ಕಳೆದಿರಬೇಕು.

ಬಾಸ್ಟನ್ನಿನಿಂದ ಜೂಡಿತ್ ಆಂಡ್ರೂಸ್ ಸ್ವತಃ ಪುಣೆಗೆ ಬಂದರು. ಎಲ್ಲವನ್ನೂ ವಿಚಾರಿಸಿ ರಮಾಬಾಯಿಯ ಬೆಂಬಲಕ್ಕೆ ನಿಂತರು. ದೂರದಲ್ಲಿ ಕುಳಿತು ಗಾಳಿಸುದ್ದಿ ಕೇಳಿ ಚಂದಾ ನಿಲ್ಲಿಸುವುದು ಸುಲಭವಾಗಿತ್ತು. ಹಾಗೆ ಮಾಡದೆ, ಅಷ್ಟು ದೂರದ ಹಡಗಿನ ದಾರಿ ಕ್ರಮಿಸಿ ಬಂದು ನೋಡಿದ್ದು ಆ ಸಂಘದ ದೊಡ್ಡತನ.

ಇನ್ನೊಂದು ಫಲವೂ ಅದೇ ವರ್ಷ ಕಂಡಿತು. ಸದನದಲ್ಲಿ ಓದಿದ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ಆಕೆ ಆನಂದೀಬಾಯಿ ಕರ್ವೆಯಾದರು. ಕರ್ವೆಯವರು 1896ರಲ್ಲಿ ಹಿಂದೂ ಸಂಪ್ರದಾಯದೊಳಗೇ ನಿಂತು ವಿಧವೆಯರ ಮನೆಯನ್ನು ಪುಣೆಯಲ್ಲಿ ತೆರೆದರು. 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಮತದ ವಿಷಯದಲ್ಲಿ ರಮಾಬಾಯಿಯ ದಾರಿಯನ್ನು ಒಪ್ಪದವರೂ ಅವರು ಕಟ್ಟಿದ ಮನೆಯಿಂದ ಕಲಿತರು.

ಕೇಡಗಾಂವ್

1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ. ಹಸಿವೆಂದರೇನೆಂದು ರಮಾಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾವೇ ಹೋಗಿ, ಅನಾಥ ಹೆಣ್ಣುಮಕ್ಕಳನ್ನು ನೂರುಗಟ್ಟಲೆ ಕರೆತಂದರು. ಅದೇ ಹೊತ್ತಿಗೆ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರ ಸ್ಥಿತಿ ಹೇಗಿದೆಯೆಂದು ರಮಾಬಾಯಿ 1897ರಲ್ಲಿ ಪತ್ರಿಕೆಗೆ ಬರೆದು ಸರ್ಕಾರದ ಕೋಪಕ್ಕೂ ಗುರಿಯಾದರು. ಪುಣೆಯಿಂದ ಸುಮಾರು 60 ಕಿಲೋಮೀಟರು ದೂರದ ಕೇಡಗಾಂವಿನಲ್ಲಿ ಅವರು ಮೊದಲೇ ಸುಮಾರು 100 ಎಕರೆ ಜಮೀನು ಕೊಂಡು ಹಣ್ಣಿನ ಗಿಡ ಹಾಕಿಸಿದ್ದರು. ಅಮೆರಿಕದ ಸಂಘ ಮಾತು ಕೊಟ್ಟಿದ್ದು 10 ವರ್ಷಕ್ಕೆ. ಆಮೇಲೂ ಊಟ ನಡೆಯಬೇಕಾದರೆ ನೆಲ ಬೇಕೆಂಬುದು ಅವರ ಲೆಕ್ಕಾಚಾರ.

ಆ ಲೆಕ್ಕಾಚಾರ ಸರಿಯಾಯಿತು. ಹುಡುಗಿಯರು ಕೇಡಗಾಂವಿಗೆ ಹೋದರು. ಮುಕ್ತಿ ಸದನ ಬೆಳೆಯಿತು. 1898ರಲ್ಲಿ 10 ವರ್ಷದ ವಾಯಿದೆ ಮುಗಿದಾಗ ರಮಾಬಾಯಿ ಮತ್ತೆ ಅಮೆರಿಕಕ್ಕೆ ಬಂದು ಲೆಕ್ಕ ಒಪ್ಪಿಸಿದರು. ಹಳೆಯ ಸಂಘ ಹೊಸ ಹೆಸರಿನಲ್ಲಿ ಮುಂದುವರಿಯಿತು. ಇತ್ತ ಕೇಡಗಾಂವು ಹುಡುಗಿಯರೇ ನಡೆಸುವ ಒಂದು ಊರಾಯಿತು. ಹೊಲದ ಕೆಲಸ, ಹೈನು, ನೇಯ್ಗೆ, ಎಣ್ಣೆಗಾಣ, ಹೊಲಿಗೆ, ಅಚ್ಚುಕೂಟ, ಎಲ್ಲಕ್ಕೂ ಅವರದೇ ಕೈ. 1900ರ ಗುಜರಾತಿನ ಕ್ಷಾಮದ ನಂತರ ನಿವಾಸಿಗಳ ಸಂಖ್ಯೆ 2,000ದ ಹತ್ತಿರ ಬಂತು. ಸಮಾಜ ಕೆಟ್ಟವರೆಂದು ಹೊರಹಾಕಿದ ಹೆಂಗಸರಿಗೆ ಬೇರೆ ಮನೆ, ಕುರುಡು ಹುಡುಗಿಯರಿಗೆ ಬ್ರೈಲ್ ಪಾಠ. ಅಮೆರಿಕದಲ್ಲಿ ಓದಿ ಬಂದ ಮಗಳು ಮನೋರಮಾ ತಾಯಿಯ ಬಲಗೈ.

1910ರ ದಶಕದಲ್ಲಿ ತಾಯಿಮಗಳು ಮತ್ತೊಂದು ಶಾಲೆ ತೆರೆದರು. ಜಾಗ, ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದ ನಮ್ಮ ಗುಲ್ಬರ್ಗ, ಇಂದಿನ ಕಲಬುರಗಿ. ಆರು ತಿಂಗಳ ಕೂಸಾಗಿ ಕನ್ನಡ ನೆಲ ಬಿಟ್ಟವರು ಐವತ್ತು ದಾಟಿದ ಮೇಲೆ ಶಾಲೆಯ ರೂಪದಲ್ಲಿ ಮರಳಿದರು.

1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. ಕೊನೆಯ ವರ್ಷಗಳಲ್ಲಿ ಗ್ರೀಕ್, ಹೀಬ್ರೂ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಅನುವಾದಿಸಿದರು. ಅದರ ಅಚ್ಚಿನ ಮೊಳೆ ಜೋಡಿಸಿದವರು ಅವರು ಸಾಕಿದ ಹುಡುಗಿಯರು. 1921ರ ಜುಲೈಯಲ್ಲಿ ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳು ಕಳೆಯುವುದರೊಳಗೆ, 1922ರ ಏಪ್ರಿಲ್ 5ರಂದು, ರಮಾಬಾಯಿಯೂ ಹೋದರು. ಭಾರತ ಸರ್ಕಾರ 1989ರಲ್ಲಿ ಅವರ ನೆನಪಿಗೆ ಅಂಚೆಚೀಟಿ ತಂದಿತು. ಕೇಡಗಾಂವಿನ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ನಮ್ಮ ಪಾಲಿಗೆ

ರಮಾಬಾಯಿಯವರ ಮತ, ಅವರ ವಾದಗಳು ನಮ್ಮಲ್ಲಿ ಎಲ್ಲರಿಗೂ ಒಪ್ಪಿಗೆಯಾಗಬೇಕಾಗಿಲ್ಲ. ಅವರ ಕಾಲದಲ್ಲೂ ಆಗಲಿಲ್ಲ. ಆದರೆ ವಾರ್ಷಿಕೋತ್ಸವದ ಹೊತ್ತಿನಲ್ಲಿ ಅವರ ಬಾಸ್ಟನ್ನಿನ ಸಂಘದಿಂದ ನಾವು ಎರಡು ಸಂಗತಿಗಳನ್ನು ಕಲಿಯಬಹುದು. ಒಂದು, ಸಣ್ಣ ಮೊತ್ತ, ದೀರ್ಘ ಮಾತು. ಒಂದು ಸಂಜೆಯ ಉತ್ಸಾಹದಲ್ಲಿ ಬರೆದ ದೊಡ್ಡ ಚೆಕ್ಕಿಗಿಂತ 10 ವರ್ಷ ತಪ್ಪದೆ ಬಂದ ಒಂದೊಂದು ಡಾಲರು ಹೆಚ್ಚು ಹುಡುಗಿಯರನ್ನು ಓದಿಸಿತು. ಎರಡು, ಕೊಡುವವರಿಗೂ ಪಡೆಯುವವರಿಗೂ ಒಂದು ಕೊನೆಯ ದಿನಾಂಕ ಗೊತ್ತಿರಬೇಕು. ಅದು ಗೊತ್ತಿದ್ದುದರಿಂದಲೇ ರಮಾಬಾಯಿ ನೆಲ ಕೊಂಡರು, ಗಿಡ ನೆಟ್ಟರು. ಊರಿನ ಶಾಲೆಗೆ, ಆಸ್ಪತ್ರೆಗೆ ನಾವು ಇಲ್ಲಿಂದ ಹಣ ಕಳಿಸುವಾಗ, ನಮ್ಮ ಹಣ ನಿಂತ ಮರುವರ್ಷ ಅದು ಏನನ್ನು ಆಧರಿಸಿ ನಿಲ್ಲುತ್ತದೆ ಎಂದು ಕೇಳಿಕೊಂಡರೆ ಒಳ್ಳೆಯದು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಕಾರ್ಕಳದಿಂದ ಕುದುರೆಮುಖದ ಕಡೆಗೆ ಘಟ್ಟ ಹತ್ತುವ ರಸ್ತೆಯಲ್ಲಿ ಹೋಗುವವರು ಮಾಳದ ಬಳಿ ಕಾರು ನಿಲ್ಲಿಸಿ, ಹೆಂಡತಿಗೆ ಪಾಠ ಹೇಳಿದ್ದಕ್ಕಾಗಿ ಊರನ್ನೇ ಬಿಟ್ಟ ಶಾಸ್ತ್ರಿಗಳ ಕಥೆಯನ್ನು ಮಕ್ಕಳಿಗೆ ಹೇಳಿ. ಅಮೆರಿಕದಲ್ಲಿ ಹುಟ್ಟಿದ ನಮ್ಮ ಹೆಣ್ಣುಮಕ್ಕಳಿಗೆ ಆ ಕಥೆ ಇಂಗ್ಲಿಷಿನಲ್ಲಿ ಹೇಳಿದರೂ ಅರ್ಥವಾಗುತ್ತದೆ. ಕನ್ನಡದಲ್ಲಿ ಹೇಳಿದರೆ ಇನ್ನೂ ಚೆನ್ನು.